ಸಿದ್ದಿ ಮಕ್ಕಳ ಓಟ: ಒಂದು ಕ್ರೀಡಾ ಯೋಜನೆಯ ಚರಿತ್ರೆ

ಸ್ಮರಣ ಸಂಚಿಕೆಗೆ ಕ್ರೀಡೆಯ ಲೇಖನ ಬೇಕು ಎಂದರೆ ‘ಆಟದಿಂದ ಸೌಹಾರ್ದ ಬೆಳೆಯುತ್ತದೆ’ ಎಂದು ನಾಲ್ಕು ಪುಟ ತುಂಬಿಸಿ ಕೊಡುವುದು ನಮ್ಮಲ್ಲಿ ರೂಢಿ. ಕ್ರೀಡಾಕೂಟದ ಉದ್ಘಾಟನೆಗೆ ಬಂದ ಅತಿಥಿಗಳು ಹೇಳುವುದೂ ಅದನ್ನೇ. ಆಟಕ್ಕೆ ಅಂಥ ಶಕ್ತಿ ತಾನಾಗಿಯೇ ಇದ್ದಿದ್ದರೆ ಟೂರ್ನಮೆಂಟಿನ ಫೈನಲ್ ಮುಗಿದ ಮೇಲೆ ಸ್ಟಂಪು ಕಿತ್ತುಕೊಂಡು ಬಡಿದಾಡುವವರನ್ನು ಬಿಡಿಸಲು ಪೊಲೀಸರು ಬರಬೇಕಿರಲಿಲ್ಲ. ಆಟ ಜನರನ್ನು ಕೂಡಿಸುವುದೂ ಉಂಟು, ಒಡೆಯುವುದೂ ಉಂಟು. ತಂಡವನ್ನು ಯಾರು ಕಟ್ಟಿದರು, ಹೇಗೆ ಕಟ್ಟಿದರು, ಎಷ್ಟು ವರ್ಷ ಕೈಬಿಡದೆ ನಡೆಸಿದರು ಎನ್ನುವುದರ ಮೇಲೆ ಅದು ನಿಂತಿದೆ. ಈ ಮಾತಿಗೆ ಸಾಕ್ಷಿ ಹುಡುಕಿ ನಮ್ಮ ಹೊಸಬಾಳೆ ಊರಿನವರು ಬಹಳ ದೂರ ಹೋಗಬೇಕಿಲ್ಲ. ಸೊರಬದಿಂದ ಬನವಾಸಿ ದಾಟಿದರೆ ಶಿರಸಿ. ಅಲ್ಲಿಂದಾಚೆಗೆ ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಾಡಂಚು. ಅಲ್ಲಿನ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ದೆಹಲಿಯಿಂದ ಒಂದು ಸರ್ಕಾರಿ ಯೋಜನೆ ಬಂತು. ಕೆಲವು ವರ್ಷ ನಡೆಯಿತು. ಆಮೇಲೆ ಹೇಳದೆ ಕೇಳದೆ ಹೋಯಿತು.

ಸಿದ್ದಿಗಳು ಆಫ್ರಿಕಾದ ಪೂರ್ವ ಭಾಗದಿಂದ ಬಂದವರು. ಬಂದವರು ಎನ್ನುವುದಕ್ಕಿಂತ ತರಲ್ಪಟ್ಟವರು ಎನ್ನಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದ ಎಷ್ಟೋ ಜನ ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವತ್ತು ಕರ್ನಾಟಕದಲ್ಲಿ ಅವರ ಸಂಖ್ಯೆ ಹತ್ತು ಸಾವಿರದ ಆಸುಪಾಸು, ಹೆಚ್ಚಿನವರು ಉತ್ತರ ಕನ್ನಡದಲ್ಲೇ. ಹೊರಗಿನವರಿಗೆ ಅವರೆಲ್ಲ ಒಂದೇ ಥರ ಕಂಡರೂ ಒಳಗೆ ಮೂರು ಧರ್ಮದವರಿದ್ದಾರೆ. ಯಲ್ಲಾಪುರ, ಅಂಕೋಲಾ ಕಡೆಯ ಹಲವರು ಹಿಂದೂಗಳು. ಹಳಿಯಾಳದ ಸುತ್ತಮುತ್ತ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಮನೆಮಾತೂ ಒಂದೇ ಅಲ್ಲ. ಹೆಚ್ಚಿನವರದು ಒಂದು ಬಗೆಯ ಕೊಂಕಣಿ, ಕೆಲವರದು ಉರ್ದು, ಕೆಲವರದು ಮರಾಠಿ. ಶಾಲೆಗೆ ಹೋದಲ್ಲಿ ಕನ್ನಡ. ಇಷ್ಟಾದರೂ ದಮಾಮಿ ಬಾರಿಸಿ ಕುಣಿಯುವಾಗ, ಯಲ್ಲಾಪುರ ಸೀಮೆಯಲ್ಲಿ ಸಿದ್ದಿನಾಸ್ ಎಂಬ ಕುಲದೈವಕ್ಕೆ ನಡೆದುಕೊಳ್ಳುವಾಗ ಮೂರೂ ಕಡೆಯವರು ಕೂಡುತ್ತಾರೆ. ಹೀಗೆ ಒಳಗೊಳಗೇ ಕೂಡಿಕೊಂಡು ಬಾಳುತ್ತಿದ್ದವರನ್ನು ಸುತ್ತಲ ಸಮಾಜ ಮಾತ್ರ ತನ್ನವರೆಂದು ಎಣಿಸಲಿಲ್ಲ. ಅಡಿಕೆ ತೋಟದ ಆಳುಗಳಾಗಿ, ಸಾಲದ ಜೀತದವರಾಗಿ ಕಂಡದ್ದೇ ಹೆಚ್ಚು. ಅವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ಅದೂ ಮೊದಲು ಉತ್ತರ ಕನ್ನಡ ಜಿಲ್ಲೆಗೆ ಮಾತ್ರ.

ಇವರನ್ನು ಹುಡುಕಿಕೊಂಡು ಬಂದ ಯೋಜನೆ ಭಾರತೀಯ ಕ್ರೀಡಾ ಪ್ರಾಧಿಕಾರದ್ದು. ಆ ಪ್ರಾಧಿಕಾರ ಹುಟ್ಟಿದ್ದು 1984ರಲ್ಲಿ. ಅದೇ ವರ್ಷದ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಭಾರತ ಒಂದೂ ಪದಕ ತರಲಿಲ್ಲ. ಪಿ.ಟಿ. ಉಷಾ ಅವರಿಗೆ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚು ತಪ್ಪಿತ್ತು. ಎಪ್ಪತ್ತು ಕೋಟಿ ಜನರ ದೇಶಕ್ಕೆ ಒಂದು ಪದಕವಿಲ್ಲವೇ ಎಂದು ಪತ್ರಿಕೆಗಳು ಹಂಗಿಸುತ್ತಿದ್ದ ಕಾಲ. ಆಗ ರೂಪುಗೊಂಡದ್ದು ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆ. ಗುಡ್ಡಗಾಡು, ಕರಾವಳಿ, ಬುಡಕಟ್ಟು ಪ್ರದೇಶದ ಮಕ್ಕಳಲ್ಲಿ ಬದುಕಿನ ರೀತಿಯಿಂದಲೇ ಬಂದ ಕಸುವು ಇರುತ್ತದೆ, ಬಿಲ್ಲು ಹಿಡಿಯುವವರ ಮಕ್ಕಳನ್ನು ಬಿಲ್ಲುಗಾರಿಕೆಗೆ, ನೀರಿನ ಮಕ್ಕಳನ್ನು ದೋಣಿ ಸ್ಪರ್ಧೆಗೆ ತಯಾರು ಮಾಡಿದರೆ ಪದಕ ಬಂದೀತು ಎಂಬುದು ಅದರ ಹಿಂದಿನ ಲೆಕ್ಕ. ಇದನ್ನು ರೂಪಿಸಿ ನಡೆಸಿದವರಲ್ಲಿ ಮುಖ್ಯರು ಐ.ಎ.ಎಸ್. ಅಧಿಕಾರಿ ಬಿ.ವಿ.ಪಿ. ರಾವ್. ಆಗ ಕೇಂದ್ರದ ಯುವಜನ ಮತ್ತು ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ನಮ್ಮವರೇ ಆದ ಮಾರ್ಗರೆಟ್ ಆಳ್ವ. ಮುಂದೆ 1999ರಲ್ಲಿ ಉತ್ತರ ಕನ್ನಡದಿಂದಲೇ ಲೋಕಸಭೆಗೆ ಆರಿಸಿಹೋದವರು. ಸಿದ್ದಿಗಳ ಕಡೆ ಈ ಯೋಜನೆಯ ಕಣ್ಣು ಹೊರಳಲು ಅವರ ಆಸಕ್ತಿ ಕಾರಣ.

ಲೆಕ್ಕ ಪೂರ್ತಿ ತಪ್ಪಿರಲಿಲ್ಲ. ರಾಜಸ್ಥಾನದ ಕಾಡಿನ ಹುಡುಗ ಲಿಂಬಾರಾಮ್ 1987ರಲ್ಲಿ ಇದೇ ಯೋಜನೆಯ ಆಯ್ಕೆಗೆ ಬಂದು, ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿ ಬಿಲ್ಲು ಹಿಡಿದು ನಿಂತ. 1991ರಲ್ಲಿ ಅರ್ಜುನ ಪ್ರಶಸ್ತಿ ಪಡೆದ; ಬಾರ್ಸಿಲೋನಾ, ಅಟ್ಲಾಂಟಾಗಳಿಗೂ ಹೋಗಿ ಬಂದ. ಸಿದ್ದಿಗಳ ವಿಷಯದಲ್ಲಂತೂ ಯೋಚನೆ ಇನ್ನೂ ನೇರವಾಗಿತ್ತು. ಜಗತ್ತಿನ ಟ್ರ್ಯಾಕುಗಳಲ್ಲಿ ಆಫ್ರಿಕಾ ಮೂಲದವರು ಗೆಲ್ಲುತ್ತಿದ್ದಾರೆ, ನಮ್ಮಲ್ಲೇ ಆಫ್ರಿಕಾ ಮೂಲದವರಿದ್ದಾರೆ, ಅವರನ್ನು ಓಡಿಸಿದರಾಯಿತು! ರಕ್ತದಲ್ಲೇ ಓಟ ಇದೆ ಎಂಬ ಈ ತರ್ಕ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಹೊಗಳಿಕೆಗಿಂತ ಹೆಚ್ಚಾಗಿ ಮನುಷ್ಯರನ್ನು ತಳಿ ನೋಡಿ ಆರಿಸುವ ದನದ ಜಾತ್ರೆಯ ದೃಷ್ಟಿಯಿದೆ. ಆದರೆ ಆ ತರ್ಕ ಹಿಡಿದೇ ಜೀಪೊಂದು ಸಿದ್ದಿಗಳ ಹಟ್ಟಿಯವರೆಗೆ ಬಂತು ಎಂಬುದೂ ನಿಜ. ಅಲ್ಲಿಯತನಕ ಆ ಕಡೆಗೆ ಬಂದ ಸರ್ಕಾರಿ ಜೀಪು ಬಹುಮಟ್ಟಿಗೆ ಅರಣ್ಯ ಇಲಾಖೆಯದೇ.

ಮಕ್ಕಳನ್ನು ಓಡಿಸಿದರು, ಜಿಗಿಸಿದರು, ಗುಂಡು ಎಸೆಸಿದರು. ಆಯ್ಕೆಯಾದವರನ್ನು ಬೆಂಗಳೂರಿನಂಥ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಅಲ್ಲಿ ವಸತಿ, ಊಟ, ಶಾಲೆ, ಕೋಚ್. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳ ಮಕ್ಕಳಿಗೆ ಒಂದೇ ಹಾಸ್ಟೆಲ್ಲು, ಒಂದೇ ಮೆಸ್ಸು. ಅದೇ ಅಂಗಳದಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯದ ಮಕ್ಕಳು. ಕೂಡಿ ಬಾಳಿಸುವುದು ಯೋಜನೆಯ ಗುರಿಯಾಗಿರಲಿಲ್ಲ, ಗುರಿ ಪದಕ. ಕೂಡುವ ಕೆಲಸ ಹಾಗೇ, ಯಾರ ವರದಿಗೂ ಸಿಗದೆ, ನಡೆದುಹೋಯಿತು. ಬೆಳಿಗ್ಗೆ ಐದೂವರೆಗೆ ವಾರ್ಮಪ್ಪಿಗೆ ನಿಲ್ಲುವ ಹುಡುಗಿಗೆ ಪಕ್ಕದಲ್ಲಿ ಕಾಲು ಚಾಚಿ ಕುಳಿತವಳು ಪ್ರಾರ್ಥನೆ ಯಾವ ಕಡೆ ತಿರುಗಿ ಮಾಡುತ್ತಾಳೆ ಎನ್ನುವುದಕ್ಕಿಂತ ರಿಲೇಯಲ್ಲಿ ಬ್ಯಾಟನ್ನು ಸರಿಯಾಗಿ ಕೈಗಿಡುತ್ತಾಳೋ ಇಲ್ಲವೋ ಎನ್ನುವುದೇ ದೊಡ್ಡದು.

ಈ ಯೋಜನೆಯಿಂದ ಬಂದ ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ರಾಷ್ಟ್ರಮಟ್ಟದ ಅಥ್ಲೀಟುಗಳಾದರು. ಇನ್ನೂ ಕೆಲವರು ಕ್ರೀಡಾ ಕೋಟಾದಲ್ಲಿ ರೈಲ್ವೆ ಮುಂತಾದ ಕಡೆ ನೌಕರಿ ಹಿಡಿದರು. ಊರಲ್ಲಿ ಸಾಹುಕಾರರ ಜಗಲಿ ಹತ್ತದ ಮನೆಯ ಮಗಳು ರಾಷ್ಟ್ರೀಯ ಕೂಟದಲ್ಲಿ ಕರ್ನಾಟಕದ ಬನಿಯನ್ ತೊಟ್ಟು ಓಡಿದಳು ಎಂದರೆ ಹಾಡಿಯ ಉಳಿದ ಮಕ್ಕಳಿಗೆ ಅದು ಏನು ಹೇಳಿರಬೇಕು ಎಂದು ಓದುಗರೇ ಊಹಿಸಬಹುದು.

1993ರಲ್ಲಿ ಯೋಜನೆಯ ಸಿದ್ದಿ ಭಾಗ ನಿಂತಿತು. ಏಕೆ ಎಂಬುದಕ್ಕೆ ಆ ಮಕ್ಕಳಿಗಾಗಲೀ ಅವರ ಅಪ್ಪ ಅಮ್ಮಂದಿರಿಗಾಗಲೀ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಆರೇಳು ವರ್ಷದಲ್ಲಿ ಒಲಿಂಪಿಕ್ ಪದಕ ಬರಲಿಲ್ಲ ಎನ್ನುವುದಾದರೆ, ಆ ಅವಧಿಯಲ್ಲಿ ಇಡೀ ದೇಶಕ್ಕೇ ಬರಲಿಲ್ಲ. ಸೋಲ್‌ನಲ್ಲೂ ಇಲ್ಲ, ಬಾರ್ಸಿಲೋನಾದಲ್ಲೂ ಇಲ್ಲ. ಹತ್ತು ಹನ್ನೆರಡು ವಯಸ್ಸಿಗೆ ಬಂದ ಮಗು ಅಂತರರಾಷ್ಟ್ರೀಯ ಮಟ್ಟದ ಓಟಗಾರನಾಗಲು ಹತ್ತು ವರ್ಷವಾದರೂ ಬೇಕು ಎಂಬುದು ಯಾವ ಪಿ.ಟಿ. ಮೇಷ್ಟ್ರನ್ನು ಕೇಳಿದರೂ ತಿಳಿಯುತ್ತಿತ್ತು. ತರಬೇತಿಯ ನಡುವಿನಲ್ಲೇ ಹೊರಬಿದ್ದ ಹಲವರು ಊರಿಗೆ ಮರಳಿ ಕೂಲಿಗೆ ನಿಂತರು. ನಗರದ ಹಾಸ್ಟೆಲಿನ ಊಟ, ಶೂಸು, ಗೆಲುವಿನ ಆಸೆ ಎಲ್ಲ ತೋರಿಸಿ ವಾಪಸು ಅದೇ ತೋಟದ ಕೆಲಸಕ್ಕೆ ಕಳಿಸುವುದು ಮೊದಲೇ ಕರೆಯದಿರುವುದಕ್ಕಿಂತ ಕ್ರೂರ ಎಂದು ನನಗನ್ನಿಸುತ್ತದೆ. ಸರ್ಕಾರದ ಕಡತದಲ್ಲಿ ಇದು ಯೋಜನೆಯೊಂದರ ಮುಕ್ತಾಯ. ಸಿದ್ದಿಗಳ ಪಾಲಿಗೆ ಒಂದು ತಲೆಮಾರಿನ ಮಕ್ಕಳ ಮಾತು.

ಕಥೆ ಅಲ್ಲಿಗೇ ಮುಗಿಯಲಿಲ್ಲ ಎನ್ನುವುದು ಸಮಾಧಾನ. ಎರಡು ದಶಕ ಕಳೆದ ಮೇಲೆ ಪ್ರಾಧಿಕಾರ ಮತ್ತೆ ಸಿದ್ದಿ ಮಕ್ಕಳ ಕಡೆ ತಿರುಗಿ ನೋಡಿತು. ಅದಕ್ಕಿಂತ ಗಟ್ಟಿಯಾಗಿ ನೆಲೆನಿಂತ ಕೆಲಸ ನಡೆದದ್ದು ಮುಂಡಗೋಡದಲ್ಲಿ. ನಿತೀಶ್ ಚಿನಿವಾರ್ ಕಟ್ಟಿದ ‘ಬ್ರಿಜಸ್ ಆಫ್ ಸ್ಪೋರ್ಟ್ಸ್’ ಸಂಸ್ಥೆ 2016ರ ಸುಮಾರಿನಿಂದ ಅಲ್ಲಿ ಸಿದ್ದಿ, ಗೌಳಿ ಮುಂತಾದ ಸಮುದಾಯಗಳ ಮಕ್ಕಳನ್ನು ಕೂಡಿಸಿ ಓಟ ಕಲಿಸುತ್ತಿದೆ. ಹಿಂದಿನ ಯೋಜನೆ ಮಕ್ಕಳನ್ನು ಊರಿನಿಂದ ಕಿತ್ತು ನಗರದಲ್ಲಿ ನೆಟ್ಟಿತು. ಇದು ಅವರ ಸೀಮೆಯಲ್ಲೇ ಕೇಂದ್ರ ಮಾಡಿತು. ಮಗು ಹಬ್ಬಕ್ಕೆ ಮನೆಗೆ ಹೋಗಿ ಬರಬಹುದು, ಅವ್ವ ಬಂದು ಅಭ್ಯಾಸ ನೋಡಬಹುದು. ಸಿದ್ದಿಗಳ ಜೊತೆ ಗೌಳಿ ಮಕ್ಕಳೂ ಇರುವುದು ಇನ್ನೂ ಮುಖ್ಯ. ಒಂದೇ ಕಾಡಿನ ಆಚೀಚೆ ಬದುಕಿದ, ಒಂದು ಮನೆಯವರು ಇನ್ನೊಂದು ಮನೆಗೆ ಹೆಣ್ಣು ಕೊಡದ ಜನ. ಮಕ್ಕಳು ಮಾತ್ರ ಒಂದೇ ಬ್ಯಾಟನ್ ಹಿಡಿದು ಓಡುತ್ತಿದ್ದಾರೆ. ಮುಂಡಗೋಡವಂತೂ 1966ರಿಂದ ಟಿಬೆಟಿನ ನಿರಾಶ್ರಿತರನ್ನೂ ಇಟ್ಟುಕೊಂಡ ಊರು. ಪರಕೀಯ ಮುಖಗಳು ಅಲ್ಲಿಗೆ ಹೊಸತಲ್ಲ.

ಹೀಗೆ ಯುವಕರ ಆಟದಿಂದ ಎರಡು ಜನಾಂಗಗಳನ್ನು ಹತ್ತಿರ ತರುವ ಪ್ರಯತ್ನಕ್ಕೆ ಜಗತ್ತಿನಲ್ಲಿ ಹೆಸರಾದ ಒಂದು ಉದಾಹರಣೆ ಇಸ್ರೇಲಿನದು. ಅಲ್ಲಿ ಯಹೂದಿ ಮಕ್ಕಳ ಶಾಲೆ ಬೇರೆ, ಅರಬ್ ಮಕ್ಕಳ ಶಾಲೆ ಬೇರೆ. ಭಾಷೆ ಬೇರೆ, ಊರೂ ಬಹುಮಟ್ಟಿಗೆ ಬೇರೆ. ಶಿಮೊನ್ ಪೆರೆಸ್ 1996ರಲ್ಲಿ ಸ್ಥಾಪಿಸಿದ ಶಾಂತಿ ಕೇಂದ್ರ, ಮುಂದಿನ ದಶಕದ ಮೊದಲ ವರ್ಷಗಳಲ್ಲಿ ‘ಅವಳಿ’ ಫುಟ್‌ಬಾಲ್ ಶಾಲೆಗಳನ್ನು ತೆರೆಯಿತು. ಒಂದು ಇಸ್ರೇಲಿ ಊರಿನ ಮಕ್ಕಳಿಗೆ ಒಂದು ಪ್ಯಾಲೆಸ್ಟೀನಿ ಊರಿನ ಮಕ್ಕಳು ಜೊತೆ. ಅವರವರ ಊರಲ್ಲಿ ಅಭ್ಯಾಸ, ಆಗಾಗ ಒಟ್ಟಿಗೆ ಸೇರಿ ಮಿಶ್ರ ತಂಡಗಳಲ್ಲಿ ಆಟ, ಜೊತೆಗೆ ಪರಸ್ಪರ ಭಾಷೆಯ ಪಾಠ. ಈ ಕೇಂದ್ರದ ಒತ್ತಾಸೆಯಲ್ಲಿ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಯುವಕರ ಒಂದೇ ತಂಡ 2008 ಮತ್ತು 2011ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ಎರಡೂ ಕಡೆಯವರು ಹುಟ್ಟಿದಾಗಿನಿಂದ ಕಂಡಿರದ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿ ಬಂತು. ಯಾರಿಗೂ ಬಾರದ ಆಟವನ್ನು ಆರಿಸಿದ್ದು ಜಾಣತನ. ಒಬ್ಬ ಗುರು, ಒಬ್ಬ ಶಿಷ್ಯ ಎಂಬ ತಕರಾರೇ ಅಲ್ಲಿಲ್ಲ. ‘ಪೀಸ್ ಪ್ಲೇಯರ್ಸ್’ ಎಂಬ ಸಂಸ್ಥೆ ದಕ್ಷಿಣ ಆಫ್ರಿಕಾ, ಉತ್ತರ ಐರ್ಲೆಂಡ್‌ಗಳಲ್ಲಿ ಬ್ಯಾಸ್ಕೆಟ್‌ಬಾಲಿನ ಮೂಲಕ ಕೆಲಸ ಮಾಡಿ 2005ರಲ್ಲಿ ಜೆರುಸಲೇಮಿಗೆ ಬಂತು. 2009ರಲ್ಲಿ ಆರಂಭವಾದ ‘ಅಲ್ಟಿಮೇಟ್ ಪೀಸ್’ ಆರಿಸಿಕೊಂಡದ್ದು ಫ್ರಿಸ್ಬಿ ತಟ್ಟೆಯ ಆಟ.

ಈ ತಟ್ಟೆಯಾಟದ ಒಂದು ನಿಯಮವನ್ನು ನಮ್ಮ ಊರಿನ ಕ್ರೀಡಾ ಸಮಿತಿಯವರು ತಿಳಿಯಬೇಕು. ಇದರಲ್ಲಿ ಅಂಪೈರ್ ಇಲ್ಲ. ತಪ್ಪಾಯಿತು ಎಂದು ಅನಿಸಿದವನು ಕೂಗಬೇಕು, ಆಟ ನಿಲ್ಲುತ್ತದೆ. ಇಬ್ಬರೂ ನಿಂತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಬೇಕು. ಹೀಬ್ರೂ ಮಾತಾಡುವ ಹುಡುಗ, ಅರಬ್ಬೀ ಮಾತಾಡುವ ಹುಡುಗಿ ಮೈದಾನದ ನಡುವೆ ನಿಂತು ‘ನೀನು ತಳ್ಳಿದೆ’, ‘ಇಲ್ಲ’ ಎಂದು ವಾದಿಸಿ, ತಾವೇ ತೀರ್ಮಾನಕ್ಕೆ ಬಂದು ಆಟ ಮುಂದುವರಿಸುವುದೆಂದರೆ ಅದು ಎಷ್ಟು ಭಾಷಣಕ್ಕೆ ಸಮ! ಸೌಹಾರ್ದದ ಪಾಠವನ್ನು ಆಟದ ನಿಯಮದೊಳಗೇ ಹಾಕಿದ್ದಾರೆ.

ಅದೇ ದೇಶದಲ್ಲಿ ಆಟ ಒಡೆದ ಕಥೆಯೂ ಇದೆ. ಬ್ನೇ ಸಖ್ನೀನ್ ಎಂಬ ಅರಬ್ ಊರಿನ ಕ್ಲಬ್ 2004ರಲ್ಲಿ ಇಸ್ರೇಲಿನ ಸ್ಟೇಟ್ ಕಪ್ ಗೆದ್ದಿತು. ಅರಬ್ ತಂಡವೊಂದಕ್ಕೆ ಅದೇ ಮೊದಲು. ತಂಡದಲ್ಲಿ ಅರಬರ ಜೊತೆ ಯಹೂದಿ ಆಟಗಾರರೂ ಇದ್ದರು, ಕೋಚ್ ಯಹೂದಿ. ಅದರ ನಾಯಕ ಅಬ್ಬಾಸ್ ಸುವಾನ್ ಮರುವರ್ಷ ಇಸ್ರೇಲ್ ಪರವಾಗಿ ಐರ್ಲೆಂಡ್ ವಿರುದ್ಧ ಕೊನೆಯ ನಿಮಿಷದಲ್ಲಿ ಗೋಲು ಹೊಡೆದು ದೇಶದ ಮಾನ ಉಳಿಸಿದ. ಇತ್ತ ಬೇತಾರ್ ಜೆರುಸಲೇಮ್ ಕ್ಲಬ್ 2013ರಲ್ಲಿ ಚೆಚೆನ್ಯಾದ ಇಬ್ಬರು ಮುಸ್ಲಿಂ ಆಟಗಾರರನ್ನು ಕರೆತಂದಿತು. ಅದರ ಒಂದು ವರ್ಗದ ಅಭಿಮಾನಿಗಳು ಸಿಡಿದೆದ್ದರು. ಕ್ಲಬ್ಬಿನ ಕಚೇರಿಗೇ ಬೆಂಕಿ ಬಿತ್ತು. ಶಾಂತಿಯ ಆಟಕ್ಕೆ ಪ್ಯಾಲೆಸ್ಟೀನಿ ಕಡೆಯಿಂದಲೂ ವಿರೋಧವಿತ್ತು. ಗಾಜಾ ಯುದ್ಧ ನಡೆದ 2014ರಲ್ಲಿ ಪೆರೆಸ್ ಕೇಂದ್ರ ಮಕ್ಕಳ ಮಿಶ್ರ ಪಂದ್ಯ ಏರ್ಪಡಿಸಿದಾಗ ಪ್ಯಾಲೆಸ್ಟೀನಿ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಜಿಬ್ರಿಲ್ ರಜೂಬ್ ಅದನ್ನು ಕಟುವಾಗಿ ಖಂಡಿಸಿದರು. ಅವರ ಕಡೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಆಟ ಮುಗಿಸಿದ ಒಂದು ಮಗು ಹೆದ್ದಾರಿಯಲ್ಲಿ ಮನೆಗೆ ಹೋಗುತ್ತದೆ, ಇನ್ನೊಂದು ಸೈನಿಕರ ತಪಾಸಣೆಯ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲನ್ನು ಫುಟ್‌ಬಾಲ್ ತೆಗೆದುಹಾಕದು. ನಮ್ಮ ಸಿದ್ದಿ ಮಗುವಿಗೂ ಭೂಮಿ, ಶಾಲೆ, ನೌಕರಿ ಸಿಗದೆ ಬರೀ ಸ್ಪೈಕ್ ಶೂ ಸಿಕ್ಕರೆ ಅಷ್ಟೇ.

ಆಟ ಒಡೆಯಲೂ ಬಲ್ಲದು ಎಂಬ ಪಾಠವನ್ನು ನಾವು ಸ್ವಂತ ದೇಶದ ಕ್ರಿಕೆಟ್ಟಿನಲ್ಲೇ ದುಬಾರಿ ಬೆಲೆಗೆ ಕಲಿತಿದ್ದೇವೆ. ಮುಂಬಯಿಯಲ್ಲಿ ಯುರೋಪಿಯನ್ನರು, ಪಾರಸಿಗಳು, ಹಿಂದೂಗಳು, ಮುಸಲ್ಮಾನರು ಎಂದು ಧರ್ಮಕ್ಕೊಂದು ತಂಡ ಕಟ್ಟಿ 1912ರಿಂದ ಚತುಷ್ಕೋನ ಪಂದ್ಯಾವಳಿ ಆಡಿದರು. 1937ರಲ್ಲಿ ‘ಉಳಿದವರು’ ಎಂಬ ಐದನೆಯ ತಂಡ ಸೇರಿತು. ಜನ ಮುಗಿಬಿದ್ದು ನೋಡಿದರು. 1940ರಲ್ಲಿ ಗಾಂಧೀಜಿ ಧರ್ಮವಾರು ತಂಡ ಸರಿಯಲ್ಲ ಎಂದರು. 1946ರಲ್ಲಿ ಅದು ನಿಂತಿತು. ಆ ಹಿಂದೂ ತಂಡದ ಹಿರಿಯ ಬೌಲರ್ ಪಾಲವಣಕರ್ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಅಂಥವರಿಗೆ ಪುಣೆಯಲ್ಲಿ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ. ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ಧರ್ಮದ ಹೆಸರಲ್ಲಿ ಒಟ್ಟಾದ ತಂಡ ಒಳಗೆ ಎಷ್ಟು ಒಟ್ಟಾಗಿತ್ತು ಎಂಬುದಕ್ಕೆ ಇಷ್ಟು ಸಾಕು.

ಸಮುದಾಯದೊಳಗಿನ ಕೂಟಗಳೆಲ್ಲ ಕೆಟ್ಟವು ಎಂದು ನನ್ನ ಮಾತಲ್ಲ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರುಮಾಡಿದ ಕುಟುಂಬ ಹಾಕಿ ಉತ್ಸವ 2024ರ ಹೊತ್ತಿಗೆ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ದೂರದೂರ ಚದುರಿದ ಮನೆತನಗಳನ್ನು ಅದು ಊರಿಗೆ ಕರೆತಂದಿದೆ. ಆದರೆ ಅದನ್ನು ನೋಡಿ ಈಗ ಜಿಲ್ಲೆ ಜಿಲ್ಲೆಯಲ್ಲೂ ಒಂದೊಂದು ಜಾತಿಯ ಹೆಸರಿನ ಕ್ರಿಕೆಟ್ ಕಪ್ಪುಗಳು ಹುಟ್ಟಿಕೊಂಡಿವೆ. ನಮ್ಮ ಮಲೆನಾಡಿಗೂ ಆ ಗಾಳಿ ಬೀಸಿದೆ. ಅಲ್ಲಿ ಆಡಲು ಹುಡುಗನಿಗೆ ಬೌಲಿಂಗಿಗಿಂತ ಮೊದಲು ಜಾತಿ ಗೊತ್ತಿರಬೇಕು.

ನಮ್ಮ ಸೊರಬ, ಶಿಕಾರಿಪುರ ಸೀಮೆಯ ಹಳ್ಳಿಗಳಲ್ಲಿ ಕೂಡಿಸುವ ಆಟಕ್ಕೆ ಕೊರತೆಯಿಲ್ಲ. ಸರ್ಕಾರಿ ಶಾಲೆಯ ವಲಯ ಮಟ್ಟದ ಕ್ರೀಡಾಕೂಟವೇ ಅಂಥದ್ದು. ಆಗಸ್ಟಿನ ಮಳೆಯಲ್ಲಿ ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಹತ್ತು ಗಂಟೆಗೆ ಅಳಿಸಿಹೋಗಿರುತ್ತದೆ. ಮೇಷ್ಟ್ರು ಹಗ್ಗ ಹಾಸಿ ಮತ್ತೆ ಅಂಕಣ ಮಾಡುತ್ತಾರೆ. ಕೆಸರಲ್ಲಿ ಕಬಡ್ಡಿ ನಡೆಯುತ್ತದೆ. ಎದುರಾಳಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳನುಗ್ಗಿದಾಗ ಹಿಡಿಯುವ ಕಡೆಯವರು ಕೈಕೈ ಹಿಡಿದು ಸರಪಳಿ ಮಾಡಲೇಬೇಕು. ಮೂಲೆಯ ಹುಡುಗ ಯಾವ ಕೇರಿಯವನು ಎಂದು ನೋಡಿ ಕೈ ಹಿಂತೆಗೆದರೆ ಅಲ್ಲೇ ಒಂದು ಪಾಯಿಂಟ್ ಹೋಯಿತು. ಖೋ-ಖೋದಲ್ಲಿ ಕುಳಿತವನ ಬೆನ್ನು ಮುಟ್ಟದೆ ಖೋ ಕೊಡುವಂತಿಲ್ಲ. ಮುಟ್ಟುವುದನ್ನೇ ಪಾಪವೆಂದ ಊರುಗಳಲ್ಲಿ ಮುಟ್ಟಿದರೆ ಮಾತ್ರ ಗೆಲ್ಲಬಹುದಾದ ಈ ಎರಡು ಆಟಗಳನ್ನು ಶಾಲೆಗಳು ಸದ್ದಿಲ್ಲದೆ ದಶಕಗಳಿಂದ ಆಡಿಸುತ್ತ ಬಂದಿವೆ. ಈ ಕೆಲಸಕ್ಕೆ ಪೆರೆಸ್ ಕೇಂದ್ರದಂಥ ಹೆಸರಿಲ್ಲ, ದೇಣಿಗೆಯಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಎಷ್ಟೋ ಶಾಲೆಗಳಲ್ಲಿ ಖಾಲಿಯೇ ಇರುತ್ತದೆ. ತೊಡಕಿರುವುದು ಶಾಲೆಯ ಹೊರಗೆ. ಗಣಪತಿ ಹಬ್ಬಕ್ಕೋ, ಕೊಯ್ಲಾದ ಗದ್ದೆಯಲ್ಲೋ ವಾಲಿಬಾಲ್, ಕಬಡ್ಡಿ ಏರ್ಪಡಿಸುವಾಗ ನಾವು ತಂಡಗಳನ್ನು ಕೇರಿವಾರು ಮಾಡುತ್ತೇವೆ. ಕೇರಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ಈ ಸಂಚಿಕೆಯನ್ನು ಕೈಗೆ ತೆಗೆದುಕೊಂಡ ಸಂಘಟಕರಲ್ಲಿ, ದಾನಿಗಳಲ್ಲಿ ನನ್ನದು ಎರಡೇ ವಿನಂತಿ. ಮುಂದಿನ ಆಟಕ್ಕೆ ಊರಿನ ಎಲ್ಲ ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದು, ಒಂದು ಮಗುವಿನ ಕೈಯಿಂದ ಎತ್ತಿಸಿ, ತಂಡ ಮಾಡಿ. ಎತ್ತರದ ಟ್ರೋಫಿಗೆ ಕೊಡುವ ಹಣದಲ್ಲಿ ಅರ್ಧವನ್ನಾದರೂ ಉಳಿಸಿ, ಚೆನ್ನಾಗಿ ಓಡುವ ಒಂದಿಬ್ಬರು ಮಕ್ಕಳಿಗೆ ಶೂಸು, ಬಸ್ ಚಾರ್ಜು, ತಾಲ್ಲೂಕು ಜಿಲ್ಲಾ ಕೂಟದ ಖರ್ಚು ಎಂದು ಹತ್ತನೇ ತರಗತಿ ಮುಗಿಯುವವರೆಗೂ ಕೊಡುತ್ತ ಹೋಗಿ. ಅಷ್ಟು ವರ್ಷ ಕೊಡಲು ಆಗದಿದ್ದರೆ ಮೊದಲ ವರ್ಷವೇ ಆ ಮಗುವಿಗೆ ಮಾತು ಕೊಡಬೇಡಿ.